ಯೂರೋಪಿನ ಯಾವ ರಾಣಿಯ ಬದುಕನ್ನು ಮೊದಲು ಓದಬೇಕು? ಎಲಿಜಬೆತ್, ಕ್ರಿಸ್ಟೀನಾ, ಮರಿಯಾ ತೆರೇಸಾ, ಕ್ಯಾಥರೀನ್: ಒಂದು ಹೋಲಿಕೆ

ಯೂರೋಪಿನ ಇತಿಹಾಸ ಓದಲು ಹೊರಟವರಿಗೆ ರಾಜರ ಸಾಲಿಗಿಂತ ರಾಣಿಯೊಬ್ಬಳ ಬದುಕು ಒಳ್ಳೆಯ ಬಾಗಿಲು ಎಂಬುದು ನನ್ನ ಗಟ್ಟಿ ನಂಬಿಕೆ. ತಂದೆ ತೀರಿಕೊಂಡು ಮಗ ಪಟ್ಟಕ್ಕೆ ಬಂದರೆ ಅದು ನಡೆದುಕೊಂಡು ಬಂದ ಪದ್ಧತಿ, ಸಾಮಾನ್ಯವಾಗಿ ಯಾರೂ ಏನೂ ಕೇಳುವುದಿಲ್ಲ. ಮಗಳು ಬಂದರೆ ಅದುವರೆಗೆ ಸುಮ್ಮನಿದ್ದ ಪ್ರಶ್ನೆಗಳೆಲ್ಲ ಒಮ್ಮೆಲೇ ಮೇಲೇಳುತ್ತವೆ. ಸೇನಾಪತಿ ಇವಳ ಮಾತು ಕೇಳುತ್ತಾನೆಯೇ? ಮದುವೆಯಾದರೆ ಆಳುವವಳು ಇವಳೋ, ಇವಳ ಗಂಡನೋ? ಮಕ್ಕಳಾಗದಿದ್ದರೆ ಮುಂದಿನ ಗತಿ ಏನು? ನೆರೆಯ ರಾಜ ಸುಮ್ಮನಿರುತ್ತಾನೆಯೇ? ಇವಕ್ಕೆ ಉತ್ತರ ಹುಡುಕುತ್ತಾ ಹೋದರೆ ಆ ಕಾಲದ ಕಾನೂನು, ತೆರಿಗೆ, ಧರ್ಮ, ಸೈನ್ಯ ಎಲ್ಲವೂ ಒಂದೊಂದಾಗಿ ಅರ್ಥವಾಗುತ್ತವೆ.

ಯಾರಿಂದ ಶುರು ಮಾಡುವುದು ಎಂಬುದು ನಿಜವಾದ ತೊಡಕು. ಕಾಲೇಜು ವಿದ್ಯಾರ್ಥಿಗಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಓದುಬಳಗದಲ್ಲಿ ಮಾತಾಡಬೇಕಾದವರು, ಸುಮ್ಮನೆ ಆಸಕ್ತಿಗೆ ಓದುವವರು, ಒಬ್ಬೊಬ್ಬರಿಗೂ ಬೇಕಾದ್ದು ಬೇರೆ. ಅವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ನಾಲ್ವರನ್ನು ಇಲ್ಲಿ ಎದುರುಬದುರು ಇಡುತ್ತಿದ್ದೇನೆ: ಇಂಗ್ಲೆಂಡಿನ ಒಂದನೇ ಎಲಿಜಬೆತ್ (ಆಳ್ವಿಕೆ 1558–1603), ಸ್ವೀಡನ್ನಿನ ಕ್ರಿಸ್ಟೀನಾ (1632–1654), ಆಸ್ಟ್ರಿಯಾದ ಮರಿಯಾ ತೆರೇಸಾ (1740–1780), ರಷ್ಯಾದ ಎರಡನೇ ಕ್ಯಾಥರೀನ್ (1762–1796). ನಮಗೆಲ್ಲ ಹೆಚ್ಚು ಪರಿಚಿತಳಾದ ವಿಕ್ಟೋರಿಯಾ ಈ ಸಾಲಿನಲ್ಲಿ ಯಾಕಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಯಾವ ಅಳತೆಯಲ್ಲಿ ಹೋಲಿಸಬೇಕು

ಹೆಸರು, ವೈಭವ, ಪ್ರೇಮಪ್ರಕರಣ ಇವುಗಳನ್ನು ನೋಡಿ ಆರಿಸಿಕೊಂಡರೆ ಓದು ಅರ್ಧಕ್ಕೇ ನಿಲ್ಲುತ್ತದೆ. ನಾನು ನೋಡುವುದು ಮೂರು ಸಂಗತಿಗಳನ್ನು. ಸಿಂಹಾಸನ ಅವಳಿಗೆ ದಕ್ಕಿದ್ದು ಹೇಗೆ? ಮದುವೆ ಮತ್ತು ಉತ್ತರಾಧಿಕಾರಿಯ ಪ್ರಶ್ನೆಯನ್ನು ಅವಳು ಹೇಗೆ ಬಗೆಹರಿಸಿದಳು? ಅವಳು ಹೋದಮೇಲೂ ಉಳಿಯುವಂಥ ಏನಾದರೂ ಆಡಳಿತದಲ್ಲಿ ಬದಲಾಯಿತೇ? ಮೂರರಲ್ಲೂ ನಾಲ್ವರ ಉತ್ತರ ಒಂದಕ್ಕೊಂದು ಎಷ್ಟು ದೂರ ಎಂಬುದೇ ಈ ಹೋಲಿಕೆಯ ಸ್ವಾರಸ್ಯ.

ಎಲಿಜಬೆತ್: ನಿರ್ಧಾರವನ್ನು ಮುಂದಕ್ಕೆ ಹಾಕುವ ಕಲೆ

1533ರಲ್ಲಿ ಹುಟ್ಟಿದ ಈ ಹುಡುಗಿಗೆ ಮೂರು ವರ್ಷ ತುಂಬುವ ಮೊದಲೇ ತಂದೆ ಎಂಟನೇ ಹೆನ್ರಿ ಅವಳ ತಾಯಿ ಆನ್ ಬೊಲಿನ್‌ಳ ತಲೆ ಕಡಿಸಿದ. ಮಗಳನ್ನು ಅಕ್ರಮ ಸಂತಾನವೆಂದು ಕಾನೂನೇ ಸಾರಿತು. ಮಲಸೋದರಿ ಮೇರಿ ರಾಣಿಯಾಗಿದ್ದಾಗ, 1554ರಲ್ಲಿ, ದಂಗೆಯ ಸಂಶಯದ ಮೇಲೆ ಎಲಿಜಬೆತ್ ಲಂಡನ್ ಟವರಿನಲ್ಲಿ ಸೆರೆಯಲ್ಲಿದ್ದಳು. ಅದೇ ಮೇರಿ ಸ್ಪೇನಿನ ಫಿಲಿಪ್‌ನನ್ನು ಮದುವೆಯಾಗಿ ಜನರ ಅಸಮಾಧಾನ ಕಟ್ಟಿಕೊಂಡದ್ದನ್ನು ಅವಳು ಹತ್ತಿರದಿಂದ ಕಂಡಳು. 1558ರ ನವೆಂಬರ್ 17ರಂದು ಪಟ್ಟಕ್ಕೆ ಬಂದಾಗ ಅವಳಿಗೆ 25 ವರ್ಷ.

ಆಮೇಲಿನ ಎರಡು ದಶಕ ಯೂರೋಪಿನ ರಾಜಮನೆತನಗಳೊಂದಿಗೆ ಮದುವೆಯ ಮಾತುಕತೆ ನಡೆಯುತ್ತಲೇ ಇತ್ತು. ಸ್ಪೇನಿನ ದೊರೆ, ಆಸ್ಟ್ರಿಯಾದ ರಾಜಕುಮಾರ, ಸ್ವೀಡನ್ನಿನ ಎರಿಕ್, ಕೊನೆಗೆ ಫ್ರಾನ್ಸಿನ ಆಂಜೂ ಡ್ಯೂಕ್. ಹೆಚ್ಚಿನವರಿಗೆ ತಟ್ಟನೆ ಇಲ್ಲವೆನ್ನಲಿಲ್ಲ, ಕೊನೆಗೆ ಯಾರಿಗೂ ಹೂಂ ಅನ್ನಲೂ ಇಲ್ಲ. ಮಾತುಕತೆ ಜೀವಂತವಾಗಿದ್ದಷ್ಟು ದಿನ ಎದುರಿನ ದೇಶ ಯುದ್ಧಕ್ಕೆ ಬರಲು ಹಿಂದೆಮುಂದೆ ನೋಡುತ್ತಿತ್ತು. 1562ರಲ್ಲಿ ಸಿಡುಬಿನಿಂದ ಸಾವಿನ ಅಂಚಿಗೆ ಹೋಗಿ ಬಂದಮೇಲೂ ಉತ್ತರಾಧಿಕಾರಿಯನ್ನು ಹೆಸರಿಸಲು ಅವಳು ಒಪ್ಪಲಿಲ್ಲ. ಮುಂದಿನ ದೊರೆ ಇವನೇ ಎಂದು ಗೊತ್ತಾದರೆ ಆಸ್ಥಾನಿಕರೆಲ್ಲ ಅತ್ತ ಮುಖ ಮಾಡುತ್ತಾರೆಂಬ ಅಳುಕು ಅವಳಿಗಿತ್ತು. ಮೇರಿಯ ಕಾಲದಲ್ಲಿ ಜನ ತನ್ನತ್ತ ಹಾಗೆಯೇ ನೋಡಿದ್ದರಲ್ಲವೇ.

ಅವಳ ಸ್ವಭಾವ ತಿಳಿಯಲು 1587ರ ಫೆಬ್ರವರಿಯ ಮೊದಲ ವಾರವೊಂದು ಸಾಕು. ಸ್ಕಾಟ್ಲೆಂಡಿನ ರಾಣಿ ಮೇರಿ ಸುಮಾರು 19 ವರ್ಷಗಳಿಂದ ಇಂಗ್ಲೆಂಡಿನಲ್ಲಿ ಬಂಧನದಲ್ಲಿದ್ದಳು, ಸಂಚಿನ ಆರೋಪದಲ್ಲಿ ಅವಳಿಗೆ ಮರಣದಂಡನೆ ಆಗಿತ್ತು. ಎಲಿಜಬೆತ್ ಆಜ್ಞಾಪತ್ರಕ್ಕೆ ಸಹಿ ಹಾಕಿ ಕಾರ್ಯದರ್ಶಿ ವಿಲಿಯಂ ಡೇವಿಸನ್ ಕೈಗೆ ಕೊಟ್ಟಳು. ಮಂತ್ರಿಗಳು ಅವಳನ್ನು ಮತ್ತೆ ಕೇಳದೆ ಪತ್ರವನ್ನು ಫಾದರಿಂಗ್‌ಹೇ ಕೋಟೆಗೆ ಕಳಿಸಿದರು. 8ನೇ ತಾರೀಖು ಮೇರಿಯ ತಲೆ ಉರುಳಿತು. ಸುದ್ದಿ ಬಂದಾಗ ರಾಣಿ ಕೆಂಡಾಮಂಡಲವಾದಳು. ಪತ್ರ ಕಳಿಸು ಎಂದು ತಾನು ಹೇಳಿರಲೇ ಇಲ್ಲವೆಂದಳು. ದಂಡ ತೆತ್ತು ಟವರಿನ ಸೆರೆಗೆ ಹೋದದ್ದು ಡೇವಿಸನ್. ಕೆಲಸ ಆಗಬೇಕು, ಆದರೆ ರಕ್ತ ತನ್ನ ಕೈಗೆ ಅಂಟಬಾರದು. ಇದನ್ನು ಜಾಣತನವೆಂದು ಹೊಗಳುವವರಿದ್ದಾರೆ. ನನಗೆ ಡೇವಿಸನ್‌ನ ಪಾಡೇ ಕಣ್ಣಿಗೆ ಕಟ್ಟುತ್ತದೆ.

1588ರಲ್ಲಿ ಸುಮಾರು 130 ಹಡಗುಗಳ ಸ್ಪೇನಿನ ನೌಕಾಪಡೆ ಸೋತು ಹಿಂದಿರುಗಿದ್ದು, 1601ರ ಬಡವರ ಪರಿಹಾರ ಕಾಯಿದೆ, ಇವೆಲ್ಲ ಸುಲಭವಾಗಿ ಓದಲು ಸಿಗುತ್ತವೆ. ನಮಗೆ ನೇರವಾಗಿ ತಟ್ಟುವ ಕಾಗದವೂ ಒಂದಿದೆ. 1600ರ ಡಿಸೆಂಬರ್ 31ರಂದು ಪೂರ್ವದೇಶಗಳ ವ್ಯಾಪಾರಕ್ಕಾಗಿ ಲಂಡನ್ನಿನ ವರ್ತಕರಿಗೆ ಅವಳು ಕೊಟ್ಟ ಸನ್ನದು. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು ಅದರಿಂದ.

ಇಂಗ್ಲಿಷ್ ಸಾಹಿತ್ಯ ಓದುವವರು, ಕಂಪನಿ ಆಳ್ವಿಕೆಯ ಬೇರು ಹುಡುಕುವವರು ಎಲಿಜಬೆತ್‌ಳನ್ನು ಆರಿಸಿಕೊಳ್ಳಲಿ. ಒಂದು ಎಚ್ಚರ ಮಾತ್ರ ಇರಬೇಕು. ಅವಳ ಸುತ್ತ ಹೊಗಳಿಕೆಯ ಪದರ ದಪ್ಪವಾಗಿದೆ. 1588ರಲ್ಲಿ ಸ್ಪೇನಿನ ದಾಳಿಯ ಭಯವಿದ್ದಾಗ ಟಿಲ್ಬರಿಯಲ್ಲಿ ಸೈನಿಕರ ಮುಂದೆ ಮಾಡಿದ ಹೆಸರಾಂತ ಭಾಷಣದ ಪಾಠ ಕೂಡ ಅವಳು ತೀರಿಕೊಂಡ ಎಷ್ಟೋ ವರ್ಷಗಳ ನಂತರದ ಬರಹದಿಂದ ಬಂದದ್ದು.

ಕ್ರಿಸ್ಟೀನಾ: ಕಿರೀಟವನ್ನು ತಾನೇ ತೆಗೆದಿಟ್ಟವಳು

ತಂದೆ ಗುಸ್ತಾವಸ್ ಅಡಾಲ್ಫಸ್ 1632ರಲ್ಲಿ ಲ್ಯೂಟ್ಸೆನ್ ರಣರಂಗದಲ್ಲಿ ಸತ್ತಾಗ ಕ್ರಿಸ್ಟೀನಾಗೆ ಇನ್ನೂ ಆರು ತುಂಬಿರಲಿಲ್ಲ. ಅವಳಿಗೆ ರಾಜಕುಮಾರನಿಗೆ ಕೊಡುವ ಶಿಕ್ಷಣವನ್ನೇ ಕೊಡಿಸಬೇಕೆಂದು ತಂದೆ ಹೇಳಿಹೋಗಿದ್ದ. ಮಂತ್ರಿ ಆಕ್ಸೆಲ್ ಊಕ್ಸೆನ್‌ಶೆರ್ನಾ 1644ರವರೆಗೆ ರಾಜ್ಯ ನಡೆಸಿದ. ಆಮೇಲೆ ಅಧಿಕಾರ ಅವಳ ಕೈಗೆ ಬಂತು. 1648ರಲ್ಲಿ ವೆಸ್ಟ್‌ಫೇಲಿಯಾ ಒಪ್ಪಂದ ಮೂವತ್ತು ವರ್ಷಗಳ ಯುದ್ಧವನ್ನು ಮುಗಿಸಿತು. ಅದೇ ವರ್ಷ ಸ್ವೀಡನ್ನಿನ ಸೈನಿಕರು ಪ್ರಾಗ್ ಕೋಟೆಯನ್ನು ಲೂಟಿ ಮಾಡಿ ಚಿತ್ರಗಳನ್ನೂ ಹಸ್ತಪ್ರತಿಗಳನ್ನೂ ಅವಳ ಸಂಗ್ರಹಕ್ಕೆ ಸಾಗಿಸಿದರು. ತತ್ವಜ್ಞಾನಿ ದೆಕಾರ್ತ್‌ನನ್ನು ಸ್ಟಾಕ್‌ಹೋಮಿಗೆ ಕರೆಸಿಕೊಂಡು, ಚಳಿಗಾಲದಲ್ಲಿ, ಬೆಳಗಿನ ಐದು ಗಂಟೆಗೆ ಪಾಠ ಹೇಳಿಸಿಕೊಂಡಳು. 1650ರ ಫೆಬ್ರವರಿಯಲ್ಲಿ ಆತ ಅಲ್ಲೇ ಕಾಯಿಲೆಬಿದ್ದು ತೀರಿಕೊಂಡ.

ಮದುವೆಯ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ನಾಲ್ವರಲ್ಲಿ ಎಲ್ಲಕ್ಕಿಂತ ನೇರ. ಮದುವೆಯಾಗುವುದಿಲ್ಲ ಎಂದು ಸಭೆಗೆ ಹೇಳಿದಳು, ತನ್ನನ್ನು ವರಿಸಬೇಕೆಂದಿದ್ದ ಸೋದರಸಂಬಂಧಿ ಕಾರ್ಲ್ ಗುಸ್ತಾವ್‌ನನ್ನೇ ಉತ್ತರಾಧಿಕಾರಿಯಾಗಿ ಒಪ್ಪಿಸಿದಳು. 1654ರ ಜೂನ್ 6ರಂದು ಉಪ್ಸಾಲಾ ಕೋಟೆಯಲ್ಲಿ ಪಟ್ಟ ಬಿಟ್ಟಳು. ರಾಜಲಾಂಛನಗಳನ್ನು ಒಂದೊಂದಾಗಿ ಅವಳ ಮೈಮೇಲಿಂದ ತೆಗೆದರು. ಕಿರೀಟ ತೆಗೆಯಬೇಕಿದ್ದ ಸರದಾರ ಪೇರ್ ಬ್ರಾಹೆ ನಿಂತಲ್ಲಿಂದ ಕದಲಲಿಲ್ಲ. ಕೊನೆಗೆ ಅವಳೇ ಕೈಯೆತ್ತಿ ಅದನ್ನು ತೆಗೆದಳು. ಆಗ ಅವಳಿಗೆ 27 ವರ್ಷ. ಮುಂದೆ ಕ್ಯಾಥೊಲಿಕಳಾಗಿ, ರೋಮಿನಲ್ಲಿ ನೆಲೆಸಿ, 1689ರಲ್ಲಿ ಅಲ್ಲೇ ತೀರಿಕೊಂಡಳು. ಸಂತ ಪೀಟರ್ ಬೆಸಿಲಿಕಾದಲ್ಲಿ ಸಮಾಧಿಯಿದೆ.

ಬದುಕು ಅದ್ಭುತ, ಆಳ್ವಿಕೆ ತೆಳು. ರಾಜ್ಯದ ಜಮೀನನ್ನು ಧಾರಾಳವಾಗಿ ಹಂಚಿ ಬೊಕ್ಕಸ ಬರಿದುಮಾಡಿದವಳು ಅವಳು. ವ್ಯಕ್ತಿಯೊಬ್ಬಳ ಒಳಗುದಿಯ ಕಥೆ ಬೇಕಿದ್ದರೆ ಇವಳೇ ಸರಿ. ರಾಜ್ಯ ನಡೆಯುವ ಬಗೆ ತಿಳಿಯಬೇಕಿದ್ದರೆ ಬೇರೆಯವರತ್ತ ಹೋಗಿ.

ಮರಿಯಾ ತೆರೇಸಾ: ಸೋಲಿನಿಂದ ಶುರುವಾದ ಆಳ್ವಿಕೆ

ನಾಲ್ವರಲ್ಲಿ ಮೊದಲು ಯಾರು ಎಂದು ಕೇಳಿದರೆ ನನ್ನ ಉತ್ತರ ಇವಳು. ಅದಕ್ಕೆ ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ತಂದೆ ಆರನೇ ಚಾರ್ಲ್ಸ್‌ನಿಗೆ ಬದುಕುಳಿದ ಗಂಡುಮಕ್ಕಳಿರಲಿಲ್ಲ. ಆಸ್ಟ್ರಿಯಾವನ್ನು ಆಳುತ್ತಿದ್ದ ತನ್ನ ಹ್ಯಾಪ್ಸ್‌ಬರ್ಗ್ ಮನೆತನದ ನಾಡುಗಳೆಲ್ಲ ಒಡೆಯದೆ ಒಬ್ಬರ ಕೈಯಲ್ಲೇ ಉಳಿಯಬೇಕು, ಗಂಡುಮಕ್ಕಳಿಲ್ಲದಿದ್ದರೆ ಹೆಣ್ಣುಮಗಳಿಗೂ ಹಕ್ಕಿದೆ ಎಂದು 1713ರಲ್ಲೇ ಶಾಸನ ಮಾಡಿದ. ಉಳಿದ ಆಯುಷ್ಯವನ್ನೆಲ್ಲ ಯೂರೋಪಿನ ದೊರೆಗಳಿಂದ ಅದಕ್ಕೆ ಒಪ್ಪಿಗೆ ಬರೆಸಿಕೊಳ್ಳುವುದರಲ್ಲಿ ಸವೆಸಿದ. ಮಗಳಿಗೆ ರಾಜಕಾರಣ ಕಲಿಸಲಿಲ್ಲ, ಸೈನ್ಯ ಗಟ್ಟಿಮಾಡಲಿಲ್ಲ. 1740ರ ಅಕ್ಟೋಬರಿನಲ್ಲಿ ಆತ ಸತ್ತ. ಡಿಸೆಂಬರ್ ಮುಗಿಯುವ ಮೊದಲೇ ಪ್ರಷ್ಯಾದ ಎರಡನೇ ಫ್ರೆಡ್ರಿಕ್, ಶ್ರೀಮಂತ ಪ್ರಾಂತ್ಯವಾದ ಸೈಲೀಷಿಯಾಕ್ಕೆ ಸೈನ್ಯ ನುಗ್ಗಿಸಿದ. ಬವೇರಿಯಾ, ಫ್ರಾನ್ಸ್‌ಗಳೂ ಪಾಲಿಗೆ ಬಂದವು. ಬರೆಸಿಕೊಂಡ ಒಪ್ಪಿಗೆಗಳು ಕಾಗದದಲ್ಲೇ ಉಳಿದವು. ಅವಳಿಗೆ 23 ವರ್ಷ, ಗರ್ಭಿಣಿ. ತನ್ನ ಕೈಗೆ ಆಡಳಿತ ಬಂದಾಗ ಹಣವಿರಲಿಲ್ಲ, ಸಾಲ ಹುಟ್ಟುತ್ತಿರಲಿಲ್ಲ, ಸೈನ್ಯವಿರಲಿಲ್ಲ, ಅನುಭವವಿರಲಿಲ್ಲ, ಬುದ್ಧಿ ಹೇಳುವವರೂ ಇರಲಿಲ್ಲ ಎಂದು ಹತ್ತು ವರ್ಷಗಳ ನಂತರ ಅವಳೇ ಬರೆದಿಟ್ಟಿದ್ದಾಳೆ.

1741ರ ಜೂನ್ 25ರಂದು ಪ್ರೆಸ್‌ಬರ್ಗ್‌ನಲ್ಲಿ, ಅಂದರೆ ಇಂದಿನ ಬ್ರಾತಿಸ್ಲಾವದಲ್ಲಿ, ಹಂಗೇರಿಯ ಪಟ್ಟಾಭಿಷೇಕ ನಡೆಯಿತು. ಅಲ್ಲಿನ ಪದ್ಧತಿಯಂತೆ ಹೊಸ ದೊರೆ ಕುದುರೆಯೇರಿ, ನಾಡಿನ ನಾನಾ ಕಡೆಯಿಂದ ಮಣ್ಣು ತಂದು ಮಾಡಿದ ದಿಬ್ಬವನ್ನು ಹತ್ತಿ, ನಾಲ್ಕು ದಿಕ್ಕಿಗೂ ಕತ್ತಿ ಬೀಸಿ ನಾಡನ್ನು ಕಾಯುವೆನೆಂದು ತೋರಿಸಬೇಕು. ಅದಕ್ಕಾಗಿ ಅವಳು ಗಂಡಸರಂತೆ ಕುದುರೆ ಸವಾರಿ ಕಲಿತಿದ್ದಳು. ಹೆರಿಗೆಯಾಗಿ ಕೆಲವೇ ತಿಂಗಳಾಗಿತ್ತು, ಮಾರ್ಚ್‌ನಲ್ಲಿ ಹುಟ್ಟಿದ ಆ ಮಗುವೇ ಮುಂದಿನ ಚಕ್ರವರ್ತಿ ಜೋಸೆಫ್. ಸೆಪ್ಟೆಂಬರಿನಲ್ಲಿ ಹಂಗೇರಿಯ ಸಭೆಯ ಮುಂದೆ ನಿಂತು ನೆರವು ಕೇಳಿದಳು. ಸರದಾರರು ಜೀವ, ರಕ್ತ ಎರಡನ್ನೂ ಕೊಡುವೆವೆಂದು ಕೂಗಿದರು. ಕೂಗಿಗೆ ಬದಲಾಗಿ ತಮ್ಮ ತೆರಿಗೆ ವಿನಾಯಿತಿಯನ್ನು ಖಾತ್ರಿಮಾಡಿಕೊಂಡರು ಎಂಬುದನ್ನೂ ಸೇರಿಸಿಯೇ ಓದಬೇಕು.

1748ರಲ್ಲಿ ಯುದ್ಧ ಮುಗಿದಾಗ ಸಿಂಹಾಸನ ಉಳಿದಿತ್ತು, ಸೈಲೀಷಿಯಾ ಹೋಗಿತ್ತು. ಇಲ್ಲಿಂದ ಮುಂದೆ ಅವಳು ಮಾಡಿದ್ದನ್ನು ನೋಡಿಯೇ ನಾನು ಅವಳನ್ನು ಮೊದಲಿಗೆ ಇಡುವುದು. ಸೋತದ್ದು ಯಾಕೆ ಎಂದು ಅವಳು ಕೇಳಿಕೊಂಡಳು. ಪ್ರಾಂತ್ಯದ ಸರದಾರರು ವರ್ಷ ವರ್ಷವೂ ಚೌಕಾಸಿ ಮಾಡಿ ತೆರಿಗೆ ಕೊಡುತ್ತಿದ್ದರೆ ಸೈನ್ಯ ನಿಲ್ಲುವುದಿಲ್ಲ ಎಂಬ ಉತ್ತರ ಸಿಕ್ಕಿತು. ಹೌಗ್‌ವಿಟ್ಸ್ ಎಂಬ ಅಧಿಕಾರಿಯ ಯೋಜನೆಯಂತೆ 1,08,000 ಮಂದಿಯ ಕಾಯಂ ಸೈನ್ಯಕ್ಕೆ ಬೇಕಾದ ಹಣವನ್ನು ಹತ್ತು ವರ್ಷಕ್ಕೆ ಒಮ್ಮೆಲೇ ಗೊತ್ತುಮಾಡಿಸಿದಳು. ಆಸ್ಟ್ರಿಯಾ, ಬೊಹಿಮಿಯಾ (ಇಂದಿನ ಚೆಕ್ ನಾಡು) ಇವುಗಳಲ್ಲಿ ಸರದಾರರೂ ಪಾದ್ರಿಗಳೂ ತೆರಿಗೆ ಕಟ್ಟಬೇಕಾಯಿತು. ನ್ಯಾಯಾಂಗವನ್ನು ಆಡಳಿತದಿಂದ ಬೇರೆ ಮಾಡಿದಳು. 1770ರಿಂದ ಸೈನ್ಯದ ಭರ್ತಿಗೆಂದು ಮನೆಮನೆಗೂ ನಂಬರು ಬಿತ್ತು. 1774ರಲ್ಲಿ ಗಂಡು ಹೆಣ್ಣೆನ್ನದೆ ಮಕ್ಕಳೆಲ್ಲ ಶಾಲೆಗೆ ಹೋಗಬೇಕೆಂಬ ಶಾಸನ ಬಂತು. 1775ರಲ್ಲಿ, ರೈತರು ದಂಗೆಯೆದ್ದ ಮೇಲೆ, ಬೊಹಿಮಿಯಾದಲ್ಲಿ ಜಮೀನ್ದಾರರ ಹೊಲದಲ್ಲಿನ ಬಿಟ್ಟಿ ದುಡಿಮೆಗೆ ವಾರಕ್ಕೆ ಮೂರು ದಿನದ ಮಿತಿ ಬಿತ್ತು. ಮರುವರ್ಷ ವಿಚಾರಣೆಯಲ್ಲಿ ಚಿತ್ರಹಿಂಸೆ ರದ್ದಾಯಿತು.

ಮದುವೆಯ ಪ್ರಶ್ನೆಯಲ್ಲೂ ಅವಳ ದಾರಿ ಬೇರೆ. ಪ್ರೀತಿಸಿದ ಲೊರೇನ್‌ನ ಫ್ರಾನ್ಸಿಸ್‌ನನ್ನು 1736ರಲ್ಲಿ ಮದುವೆಯಾದಳು. 16 ಮಕ್ಕಳು, ಅವರಲ್ಲಿ ದೊಡ್ಡವರಾದದ್ದು ಹತ್ತು. ಜರ್ಮನ್ ನಾಡುಗಳ ಒಕ್ಕೂಟದಂತಿದ್ದ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯ ಸ್ಥಾನಕ್ಕೆ ಹೆಂಗಸನ್ನು ಚುನಾಯಿಸುವಂತಿರಲಿಲ್ಲ. 1745ರಲ್ಲಿ ಗಂಡನನ್ನು ಆ ಸ್ಥಾನಕ್ಕೆ ತಂದಳು, ತಾನು ಮಾತ್ರ ಚಕ್ರವರ್ತಿಯ ಹೆಂಡತಿಯಾಗಿ ಕಿರೀಟ ಧರಿಸಲು ಒಪ್ಪಲಿಲ್ಲ. ಬಿರುದು ಅವನದು, ಆಳ್ವಿಕೆ ಇವಳದು. 1765ರಲ್ಲಿ ಅವನು ತೀರಿಕೊಂಡಾಗ ತಮ್ಮ ದಾಂಪತ್ಯದ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಳು: 29 ವರ್ಷ, 6 ತಿಂಗಳು, 6 ದಿನ. ಅಷ್ಟಕ್ಕೇ ನಿಲ್ಲಿಸದೆ ದಿನಗಳಿಗೆ, ಗಂಟೆಗಳಿಗೆ ಇಳಿಸಿದಳು: 2,58,744 ಗಂಟೆ. ಉಳಿದ 15 ವರ್ಷ ಕಪ್ಪು ಬಟ್ಟೆ ಬಿಡಲಿಲ್ಲ. ಸಾಮ್ರಾಜ್ಯದ ಆಯವ್ಯಯ ನೋಡುತ್ತಿದ್ದ ಕೈಯೇ ಈ ಲೆಕ್ಕವನ್ನೂ ಬರೆದದ್ದು. ಅವಳ ಬಗ್ಗೆ ಓದಿದ್ದರಲ್ಲೆಲ್ಲ ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಈ ಚೀಟಿ.

ಹಾಗೆಂದು ಅವಳನ್ನು ಮಹಾತಾಯಿಯಾಗಿ ಪೂಜಿಸಬೇಕಿಲ್ಲ. 1744ರ ಕೊನೆಯಲ್ಲಿ ಪ್ರಾಗ್ ನಗರದ ಯಹೂದಿಗಳನ್ನೆಲ್ಲ ಹೊರದಬ್ಬಲು ಆಜ್ಞೆ ಮಾಡಿದಳು. ಅವರು ನಡುಚಳಿಗಾಲದಲ್ಲಿ ಮನೆಮಠ ಬಿಟ್ಟು ಹೋಗಬೇಕಾಯಿತು. ಪ್ರೊಟೆಸ್ಟೆಂಟ್ ಕುಟುಂಬಗಳನ್ನು ದೂರದ ಟ್ರಾನ್ಸಿಲ್ವೇನಿಯಾಕ್ಕೆ ಸಾಗಿಸಿದಳು. ಹೆಣ್ಣುಮಕ್ಕಳನ್ನು ರಾಜಕೀಯ ಸಂಬಂಧಗಳಿಗಾಗಿ ಬೇರೆ ಬೇರೆ ಆಸ್ಥಾನಗಳಿಗೆ ಕೊಟ್ಟಳು. ಫ್ರಾನ್ಸಿಗೆ ಹೋದ ಕಿರಿಯ ಮಗಳು ಮರಿ ಆಂತ್ವಾನೆತ್ ಮುಂದೆ ಅಲ್ಲಿನ ಕ್ರಾಂತಿಯಲ್ಲಿ ತಲೆ ಕಳೆದುಕೊಂಡದ್ದು ಎಲ್ಲರಿಗೂ ಗೊತ್ತು. ಆ ಮಗಳಿಗೆ ತಾಯಿ ವಿಯೆನ್ನಾದಿಂದ ಬರೆಯುತ್ತಿದ್ದ ಬುದ್ಧಿವಾದದ ಪತ್ರಗಳು ಉಳಿದಿವೆ. ಅವುಗಳಲ್ಲಿ ಮಮತೆ, ಕಣ್ಗಾವಲು ಎರಡೂ ಒಟ್ಟಿಗಿವೆ.

ಕ್ಯಾಥರೀನ್: ಹಕ್ಕಿಲ್ಲದೆ ಬಂದವಳು

ಇವಳ ಮೈಯಲ್ಲಿ ರಷ್ಯಾದ ರಾಜರಕ್ತವೇ ಇರಲಿಲ್ಲ. 1729ರಲ್ಲಿ ಸ್ಟೆಟಿನ್‌ನಲ್ಲಿ ಹುಟ್ಟಿದ ಜರ್ಮನ್ ಹುಡುಗಿ, ಹೆಸರು ಸೋಫಿ. 1744ರಲ್ಲಿ ರಷ್ಯಾಕ್ಕೆ ಬಂದು, ಭಾಷೆ ಕಲಿತು, ಆರ್ಥೊಡಾಕ್ಸ್ ಮತಕ್ಕೆ ಸೇರಿ ಎಕತೆರೀನಾ ಆದಳು. ಗಂಡ ಮೂರನೇ ಪೀಟರ್ ಪಟ್ಟಕ್ಕೆ ಬಂದ ಆರೇ ತಿಂಗಳಲ್ಲಿ, 1762ರ ಬೇಸಿಗೆಯಲ್ಲಿ, ಸೇನಾಧಿಕಾರಿಗಳಾದ ಓರ್ಲೊವ್ ಸಹೋದರರೂ ಅರಮನೆಯ ಕಾವಲುಪಡೆಯೂ ಸೇರಿ ಅವನನ್ನು ಇಳಿಸಿ ಇವಳನ್ನು ಕೂರಿಸಿದರು. ಸೈನಿಕನ ಸಮವಸ್ತ್ರ ತೊಟ್ಟು ಕುದುರೆಯೇರಿ ದಂಡಿನ ಮುಂದೆ ನಡೆದಳು. ಕೆಲವೇ ದಿನಗಳಲ್ಲಿ ಪೀಟರ್ ಕಾವಲಿನಲ್ಲಿದ್ದಾಗಲೇ ಸತ್ತ. ಮೂಲವ್ಯಾಧಿಯೂ ಹೊಟ್ಟೆನೋವೂ ಕಾರಣವೆಂದು ಪ್ರಕಟಣೆ ಹೊರಟಿತು, ನಂಬಿದವರು ಕಡಿಮೆ.

ಫ್ರೆಂಚ್ ಚಿಂತಕ ವೋಲ್ಟೇರ್ ಜೊತೆ ಪತ್ರವ್ಯವಹಾರ, ಇನ್ನೊಬ್ಬ ಚಿಂತಕ ದಿದೆರೋನ ಗ್ರಂಥಾಲಯ ಕೊಂಡು ಅವನನ್ನೇ ಅದರ ಪಾಲಕನಾಗಿ ಸಂಬಳ ಕೊಟ್ಟು ಇಟ್ಟದ್ದು, ಹರ್ಮಿಟೇಜ್ ಕಲಾಸಂಗ್ರಹ, ಹುಡುಗಿಯರಿಗಾಗಿ 1764ರಲ್ಲಿ ಸ್ಮೋಲ್ನಿ ಶಿಕ್ಷಣಸಂಸ್ಥೆ. ಇದು ಬೆಳಕಿನ ಮುಖ. 1767ರಲ್ಲಿ ಹೊಸ ಕಾನೂನು ರಚಿಸಲು 500ಕ್ಕೂ ಹೆಚ್ಚು ಪ್ರತಿನಿಧಿಗಳನ್ನು ಕರೆಸಿದಳು. ಅದೇ ವರ್ಷ, ಜೀತದಾಳುಗಳು ತಮ್ಮ ಒಡೆಯರ ಮೇಲೆ ದೂರು ಕೊಡುವುದೇ ಅಪರಾಧವೆಂದು ಆಜ್ಞೆ ಹೊರಟಿತು. ಈ ಎರಡೂ ಒಂದೇ ವರ್ಷದವು ಎಂಬುದನ್ನು ನೆನಪಿಟ್ಟುಕೊಂಡರೆ ಕ್ಯಾಥರೀನಳನ್ನು ಓದುವಾಗ ದಾರಿ ತಪ್ಪುವುದಿಲ್ಲ. 1773ರಲ್ಲಿ ಪುಗಚೋವ್ ಎಂಬ ಕೊಸಾಕ್ (ಗಡಿನಾಡಿನ ಕುದುರೆಸವಾರ ಯೋಧರ ಸಮುದಾಯದವನು), ತಾನೇ ಸಾಯದೆ ಉಳಿದ ಪೀಟರ್ ಎಂದು ಹೇಳಿಕೊಂಡು ಎದ್ದಾಗ ಜೀತದಾಳುಗಳೂ ದುಡಿಮೆಗಾರರೂ ಸಾವಿರಗಟ್ಟಲೆ ಅವನ ಬೆನ್ನಿಗೆ ಹೋದರು. ದಂಗೆ ಅಡಗಿತು. 1785ರ ಸನ್ನದು ಜಮೀನ್ದಾರರ ಹಕ್ಕನ್ನು ಇನ್ನಷ್ಟು ಗಟ್ಟಿಮಾಡಿತು. 1783ರಲ್ಲಿ ಕ್ರಿಮಿಯಾ ರಷ್ಯಾಕ್ಕೆ ಸೇರಿತು. ಇಂದಿನ ಸುದ್ದಿ ಓದುವವರಿಗೂ ಆ ಇಸವಿ ಬೇಕಾಗುತ್ತದೆ.

ಅವಳ ಪ್ರಿಯಕರರ ಬಗ್ಗೆ, ಸಾವಿನ ಬಗ್ಗೆ ಹರಡಿರುವ ಅಶ್ಲೀಲ ಕಥೆಗಳನ್ನು ಬದಿಗಿಡಿ. 1796ರಲ್ಲಿ ಅವಳು ಸತ್ತದ್ದು ಪಾರ್ಶ್ವವಾಯುವಿನಿಂದ. ರಾಜನೊಬ್ಬನಿಗೆ ಹತ್ತು ಮಂದಿ ಪ್ರೇಯಸಿಯರಿದ್ದರೆ ಅಡಿಟಿಪ್ಪಣಿ, ರಾಣಿಗಿದ್ದರೆ ಅದೇ ಇಡೀ ಪುಸ್ತಕ. ಈ ಅನ್ಯಾಯ ನನಗೆ ಸಿಟ್ಟು ತರಿಸುತ್ತದೆ.

ವಿಕ್ಟೋರಿಯಾ ಯಾಕಿಲ್ಲ

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 1906ರಿಂದ ಅವಳ ಪ್ರತಿಮೆ ನಿಂತಿದೆ. ಭಾರತದ ಆಳ್ವಿಕೆ ಕಂಪನಿಯಿಂದ ಬ್ರಿಟಿಷ್ ಕಿರೀಟಕ್ಕೆ ಹೋದ 1858ರ ಘೋಷಣೆಯಾಗಲಿ, 1881ರಲ್ಲಿ ಮೈಸೂರು ಒಡೆಯರಿಗೆ ರಾಜ್ಯ ಮರಳಿದ್ದಾಗಲಿ ಅವಳ ಕಾಲದ್ದೇ. ಆದರೆ 1837ರ ಹೊತ್ತಿಗೆ ಬ್ರಿಟನ್ನಿನಲ್ಲಿ ನಿರ್ಧಾರ ಪಾರ್ಲಿಮೆಂಟಿನದ್ದು, ಮಂತ್ರಿಗಳದ್ದು. ಅವಳ ಹೆಸರಲ್ಲಿ ನಡೆದದ್ದಕ್ಕೂ ಅವಳೇ ನಡೆಸಿದ್ದಕ್ಕೂ ಬಹಳ ಅಂತರ. ವಸಾಹತುಶಾಹಿಯನ್ನು ಓದುವವರಿಗೆ ಅವಳು ಬೇಕು. ಆಳಿದ ಹೆಂಗಸರ ಹೋಲಿಕೆಯಲ್ಲಿ ಅವಳನ್ನು ಸೇರಿಸಿದರೆ ಅಳತೆಯೇ ತಪ್ಪುತ್ತದೆ.

ಹಾಗಾದರೆ ಯಾರಿಗೆ ಯಾರು

ಪರೀಕ್ಷೆಗೆ ಪ್ರಬುದ್ಧ ನಿರಂಕುಶ ಪ್ರಭುತ್ವ (ಅಧಿಕಾರ ಬಿಟ್ಟುಕೊಡದೆ ಸುಧಾರಣೆ ತಂದ ದೊರೆಗಳ ಆಳ್ವಿಕೆ) ಓದುತ್ತಿರುವವರು ಮರಿಯಾ ತೆರೇಸಾ, ಕ್ಯಾಥರೀನ್ ಇಬ್ಬರನ್ನೂ ಬಿಡಿಬಿಡಿಯಾಗಿ ಓದದೆ 1768 ಮತ್ತು 1772 ಎಂಬ ಎರಡು ವರ್ಷಗಳಲ್ಲಿ ಜೋಡಿಸಿ ಓದಿ. 1768ರಲ್ಲಿ ಇಬ್ಬರ ಅರಮನೆಗೂ ಸಿಡುಬು ತಡೆಯುವ ವೈದ್ಯರು ಹೊರನಾಡಿನಿಂದ ಬಂದರು. ಆಗಿನ್ನೂ ದನದ ಸಿಡುಬಿನ ಲಸಿಕೆ ಇರಲಿಲ್ಲ, ಸಿಡುಬಿನ ಕೀವನ್ನೇ ಚೂರು ಮೈಗೆ ಸೇರಿಸುವ ಅಪಾಯದ ಪದ್ಧತಿ. ಕ್ಯಾಥರೀನ್ ಮೊದಲು ತನ್ನ ಕೈಯನ್ನೇ ಇಂಗ್ಲೆಂಡಿನ ಥಾಮಸ್ ಡಿಮ್ಸ್‌ಡೇಲ್‌ಗೆ ಒಡ್ಡಿದಳು, ಮಗನಿಗೆ ಆಮೇಲೆ. ಮರಿಯಾ ತೆರೇಸಾ ಹಿಂದಿನ ವರ್ಷವಷ್ಟೇ ತಾನೇ ಸಿಡುಬಿನಿಂದ ಬದುಕಿ, ಮಗಳೊಬ್ಬಳನ್ನು ಅದೇ ಕಾಯಿಲೆಗೆ ಕಳೆದುಕೊಂಡಿದ್ದಳು. ಡಚ್ ವೈದ್ಯ ಯಾನ್ ಇಂಗೆನ್‌ಹೌಸ್‌ನಿಂದ ಕಿರಿಯ ಮಕ್ಕಳಿಗೆ ಕೊಡಿಸಿದಳು. 1772ರಲ್ಲಿ ಇದೇ ಇಬ್ಬರು, ಫ್ರೆಡ್ರಿಕ್ ಜೊತೆ ಸೇರಿ, ಪೋಲೆಂಡನ್ನು ಹರಿದು ಹಂಚಿಕೊಂಡರು. ಮರಿಯಾ ತೆರೇಸಾ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದಳು, ಪಾಲು ಮಾತ್ರ ಬಿಡಲಿಲ್ಲ.

ಓದುಬಳಗದಲ್ಲಿ ಒಂದು ಸಂಜೆ ಮಾತಾಡಬೇಕಾದವರಿಗೆ ಕ್ರಿಸ್ಟೀನಾ ಹೇಳಿಮಾಡಿಸಿದ ವಿಷಯ. ಕಥೆ ಚಿಕ್ಕದು, ತಿರುವುಗಳು ಹೆಚ್ಚು, ಕೇಳುವವರು ಜಗಳವಾಡಲು ಅವಕಾಶವೂ ಇದೆ. ಎಲಿಜಬೆತ್‌ಳನ್ನು ಆರಿಸಿಕೊಂಡವರು ಅವಳೊಬ್ಬಳನ್ನೇ ಓದಬೇಡಿ, ಸ್ಕಾಟ್ಲೆಂಡಿನ ಮೇರಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಮೇರಿ ಮದುವೆಯಾದಳು, ಮಗನನ್ನು ಹೆತ್ತಳು, ಸಿಂಹಾಸನ ಕಳೆದುಕೊಂಡಳು. ಎಲಿಜಬೆತ್ ಮದುವೆಯಾಗದೆ ಸಿಂಹಾಸನ ಉಳಿಸಿಕೊಂಡಳು, 1603ರಲ್ಲಿ ಅದನ್ನೇರಿದವನು ಮೇರಿಯ ಮಗ ಜೇಮ್ಸ್. ಇನ್ನು ಸಮಯವಿದೆ, ಒಬ್ಬಳನ್ನೇ ಹಿಡಿದು ಆರು ತಿಂಗಳು ಕೂರಬಲ್ಲೆ ಎನ್ನುವವರು ಮರಿಯಾ ತೆರೇಸಾಳ 1740ರಿಂದ 1749ರವರೆಗಿನ ಹತ್ತು ವರ್ಷಗಳನ್ನು ಮೊದಲು ಮುಗಿಸಿ. ಮಕ್ಕಳ ಮದುವೆ, ಅರಮನೆ, ಮರಿ ಆಂತ್ವಾನೆತ್ ಎಲ್ಲ ಆಮೇಲೆ ಬರಲಿ.